ಆಫೀಸ್ ಕಂಪ್ಯೂಟರು ಅಳೆದ ಊರ ಕರೆಂಟು

ಹೋದ ವಾರ ಮಧ್ಯಾಹ್ನ ಚಟ್ನಿ ರುಬ್ಬುತ್ತಿದ್ದೆ. ಮಿಕ್ಸಿ ತನ್ನ ಎಂದಿನ ಗೊರಗೊರ ಬಿಟ್ಟು ಇದ್ದಕ್ಕಿದ್ದಂತೆ ಕೀರಲು ದನಿಗೆ ಏರಿತು. ಹಾಲ್‌ನಲ್ಲಿ ಫ್ಯಾನು ಜೋರಾಗಿ, ನಮ್ಮ ಯಜಮಾನರ ಕೈಯಲ್ಲಿದ್ದ ಪೇಪರಿನ ಒಂದು ಹಾಳೆ ಸೋಫಾದ ಹಿಂದಕ್ಕೆ ಹಾರಿತು. "ಪರವಾಗಿಲ್ವೇ, ಇವತ್ತು ವೋಲ್ಟೇಜ್ ಚೆನ್ನಾಗಿದೆ" ಎಂದರು ಅವರು. ಅರಸೀಕೆರೆಯಲ್ಲಿ ಒಂದು ಬೇಸಿಗೆ ಕಳೆದಿದ್ದರೆ ಆ ದನಿಯಲ್ಲಿದ್ದ ತೃಪ್ತಿ ನಿಮಗೂ ಅರ್ಥವಾಗುತ್ತದೆ. ನಾನು ಮಾತ್ರ ತೆಂಗಿನ ತುರಿ ಮೆತ್ತಿದ ಕೈಯಲ್ಲೇ ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು.

ಕರೆಂಟು ಕಡಿಮೆಯಾದರೆ ಎಲ್ಲರೂ ಬೈಯುತ್ತಾರೆ, ಹೆಚ್ಚಾದರೆ ಖುಷಿಪಡುತ್ತಾರೆ. ಹೆಚ್ಚಾದಾಗ ಹೆದರಬೇಕು ಅನ್ನುವುದು ನನ್ನ ಮೈಗೆ ಹತ್ತಿದ್ದು ಪುಸ್ತಕದಿಂದಲ್ಲ. ಹಳೇಬೀಡಿನಾಚೆ, ಹುಲಿಕೆರೆ ದಾಟಿ ಸಿಗುವ ಒಂದು ಸಣ್ಣ ಊರಿನಲ್ಲಿ, ಬೇವಿನ ಮರದ ಕೆಳಗೆ, ನಮ್ಮ ಕಾಲೇಜಿನ ಆಫೀಸ್ ಕಂಪ್ಯೂಟರಿನ ಮುಂದೆ ನಿಂತಾಗ. ಈ ಕತೆಯನ್ನು ಮದುವೆಮನೆಗಳಲ್ಲಿ ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಹೇಳುವಾಗಲೆಲ್ಲ ಒಂದು ಭಾಗ ನುಂಗಿಕೊಂಡು ಹೇಳುತ್ತಿದ್ದೆ. ನಿಮ್ಮ ಹತ್ತಿರ ನುಂಗುವುದಿಲ್ಲ.

ಅರಸೀಕೆರೆಯ ಒಂದು ಸಣ್ಣ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಓಂಕಾರಪ್ಪ ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರು. ಹಳೇಬೀಡಿನವರು, ದಿನಾ ಬಾಣಾವರದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು. ಹಣೆಯಲ್ಲಿ ವಿಭೂತಿ, ಅಂಗಿ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಅವರು ಮೇಜಿನ ಮೇಲೆ ಮಾಡಿ ತೋರಿಸಬೇಕು. ನಾನು ಬರೆದದ್ದು ಕೆಲಸ ಮಾಡದಿದ್ದರೆ, ತಪ್ಪು ನನ್ನದು ಎಂದು ಗೊತ್ತಿದ್ದೂ, "ಈ ವೈರು ಸರಿಯಿಲ್ಲ ಕಣ್ರಪ್ಪ" ಎಂದು ಮಕ್ಕಳ ಮುಂದೆ ನನ್ನ ಮರ್ಯಾದೆ ಉಳಿಸುತ್ತಿದ್ದರು. ಅವರು ದೂರಿದ ಆ ಪಾಪದ ವೈರುಗಳಿಗೆ ನಾನು ಇಂದಿಗೂ ಋಣಿ.

ಒಂದು ವರ್ಷ ಬೆಂಗಳೂರಿನ ಯಾವುದೋ ಕಂಪನಿ ತನ್ನ ಲ್ಯಾಬು ಮುಚ್ಚುವಾಗ ನಮಗೆ ಎರಡು ಕಾರ್ಡು ದಾನ ಕೊಟ್ಟಿತು. ಕಾರ್ಡು ಅಂದರೆ ಒಂದೊಂದೂ ಒಂದು ಅಳತೆಯ ಯಂತ್ರ. ಒಂದು ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವಂಥದ್ದು, ಇನ್ನೊಂದು ವೋಲ್ಟೇಜು ಅಳೆಯುವಂಥದ್ದು. ಇವನ್ನು ಕೂರಿಸಲು ಬೇರೆಯೇ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಸಾಲಾಗಿ ಸೀಳುಗಳು, ಅದಕ್ಕೇ ಆದ ಫ್ಯಾನು, ಗತ್ತು ಗೈರತ್ತು. ಡ್ರಾಯರು ತಳ್ಳಿದಂತೆ ಕಾರ್ಡು ತಳ್ಳಿದರೆ ಆಯಿತು. ದಾನಿಗಳು ಪೆಟ್ಟಿಗೆ ಕೊಟ್ಟಿರಲಿಲ್ಲ. ಅದನ್ನು ಕೊಳ್ಳುವ ಮಾತೆತ್ತಿದರೆ ಆಡಳಿತ ಮಂಡಳಿಯವರು ಕಾಫಿ ತರಿಸಿ ವಿಷಯ ಬದಲಾಯಿಸುತ್ತಿದ್ದರು. ಕಾರ್ಡಿನ ಜೊತೆ ಬಂದ ಕೈಪಿಡಿಯನ್ನು ಇಡೀ ಕಾಲೇಜಿನಲ್ಲಿ ಓದಿದವಳು ನಾನೊಬ್ಬಳೇ. ತನ್ನ ಪೆಟ್ಟಿಗೆಯಲ್ಲಲ್ಲದೆ ಬೇರೆ ಕಡೆ ಕೂರಿಸಿದರೆ ಅಳತೆಗೆ ಕಂಪನಿ ಹೊಣೆಯಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಹಾಗಾಗಿ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಓದಿಕೊಂಡವರು ಸಾಮಾನ್ಯವಾಗಿ ಮಾಡುವ ಕೆಲಸ ಅದು.

ಓಂಕಾರಪ್ಪ ಕೈಪಿಡಿ ಓದಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಾಡಿ ಅಂಗೈ ಅಗಲದ ಒಂದು ಅಡಾಪ್ಟರು ತಂದರು. ಅದರ ಒಂದು ಅಂಚು ಸಾಮಾನ್ಯ ಡೆಸ್ಕ್‌ಟಾಪಿನ ಸೀಳಿಗೆ ಸೇರುತ್ತದೆ, ಇನ್ನೊಂದು ಕಡೆ ನಮ್ಮ ಕಾರ್ಡು ಕೂರುತ್ತದೆ. "ಎತ್ತಿನ ನೊಗ ಎಮ್ಮೆಗೆ ಕಟ್ಟಿದಂಗೆ ಮೇಡಂ, ಸ್ವಲ್ಪ ಓಲಾಡ್ತೈತೆ, ಆದ್ರೆ ಎಳೀತೈತೆ" ಎಂದರು. ತೊಂದರೆ ಏನೆಂದರೆ ನಮ್ಮ ಲ್ಯಾಬಿನ ಕಂಪ್ಯೂಟರುಗಳೆಲ್ಲ ಹೊಸ ತೆಳು ಮಾದರಿಯವು, ಆ ಹಳೇ ಬಗೆಯ ಸೀಳೇ ಇಲ್ಲ. ಇಡೀ ಕಾಲೇಜಿನಲ್ಲಿ ಅಂಥ ಸೀಳಿದ್ದದ್ದು ಒಂದೇ ಕಂಪ್ಯೂಟರಿಗೆ. ಅದು ಆಫೀಸಿನಲ್ಲಿ, ಕೇಶವಮೂರ್ತಿಗಳ ವಶದಲ್ಲಿತ್ತು.

ಕೇಶವಮೂರ್ತಿ ನಮ್ಮ ಆಫೀಸ್ ಸೂಪರಿಂಟೆಂಡೆಂಟು. ಬೇಲೂರಿನವರು. ಮನೆತನ ದೇವಸ್ಥಾನದ ಸೇವೆಯದು, ಅಣ್ಣಂದಿರು ಇನ್ನೂ ಅದರಲ್ಲೇ ಇದ್ದರು. ಇವರೊಬ್ಬರು ಗುಮಾಸ್ತಿಕೆಗೆ ಬಂದು ಆ ಸೇವೆಯನ್ನು ಕಂಪ್ಯೂಟರಿಗೆ ವರ್ಗಾಯಿಸಿಕೊಂಡಿದ್ದರು. ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು ಬಂದು, ಮೇಲಿನ ಬಟ್ಟೆ ತೆಗೆದು, ಒರೆಸಿ, ಮೂಲೆಗೊಂದು ಕುಂಕುಮದ ಬೊಟ್ಟಿಟ್ಟು ಆಮೇಲೆ ಸ್ವಿಚ್ ಒತ್ತುತ್ತಿದ್ದರು. ಊಟದ ಹೊತ್ತಿಗೆ ಮತ್ತೆ ಬಟ್ಟೆ ಮುಚ್ಚುತ್ತಿದ್ದರು. ಆ ಅರ್ಧ ಗಂಟೆ ಪ್ರಿನ್ಸಿಪಾಲರು ಬಂದರೂ ದರ್ಶನವಿಲ್ಲ.

"ಅದರ ಮುಚ್ಚಳ ತೆಗೆದು, ಮೈ ಬಿಚ್ಚಿ ಕೂರಿಸೋದು ಅಂದ್ರೇನ್ರೀ?" ಎಂದರು ಕೇಶವಮೂರ್ತಿ. ಅಡಾಪ್ಟರಿನ ಮೇಲೆ ಕೂತ ಕಾರ್ಡು ಗೇಣುದ್ದ ಹೊರಗೆ ಚಾಚುತ್ತಿದ್ದರಿಂದ ಮುಚ್ಚಳ ಹಾಕಲು ಆಗುತ್ತಿರಲಿಲ್ಲ. ಎರಡು ದಿನ ಮಾತುಕತೆಯಾಗಿ ಒಂದು ಶಲ್ಯ ಹೊದಿಸುವುದೆಂದು ತೀರ್ಮಾನವಾಯಿತು. ಶಲ್ಯ ಹೊದಿಸಿದರೆ ಕಾರ್ಡು ಕಾಯುತ್ತಿತ್ತು. ಕಾಯದಿರಲೆಂದು ಓಂಕಾರಪ್ಪ ಟೇಬಲ್ ಫ್ಯಾನು ಇಟ್ಟರು. ಫ್ಯಾನಿಗೆ ಅರ್ಜಿಗಳು ಹಾರಿದವು. ಅರ್ಜಿಗಳ ಮೇಲೆ ಕೇಶವಮೂರ್ತಿ ಒಂದೊಂದು ತೆಂಗಿನಕಾಯಿ ಇಟ್ಟರು. ಹೀಗೆ ಒಂದು ಕಾರ್ಡು ಕೆಲಸ ಮಾಡಲು ಶಲ್ಯ, ಫ್ಯಾನು, ಒಂಬತ್ತು ತೆಂಗಿನಕಾಯಿ ಬೇಕಾದವು. ಕಬ್ಬಿಣದ ಪೆಟ್ಟಿಗೆ ಯಾಕಷ್ಟು ದುಬಾರಿ ಎಂದು ನನಗೆ ಆಗ ಹೊಳೆಯಿತು.

ಆದರೂ ಅದು ಕೆಲಸ ಮಾಡಿತು. ಮಕ್ಕಳು ಪ್ರಾಕ್ಟಿಕಲ್ಲಿಗೆ ಫೀಸು ಕಟ್ಟುವವರ ಸಾಲಿನಲ್ಲೇ ನಿಲ್ಲುತ್ತಿದ್ದರು. ಕಂಪ್ಯೂಟರು ಒಂದು ರಸೀದಿ ಕೊಡುವುದು, ಒಂದು ಅಲೆ ತೋರಿಸುವುದು. ಒಂದು ದಿನ ಮಗಳ ಫೀಸು ಕಟ್ಟಲು ಬಂದಿದ್ದ ತಂದೆಯೊಬ್ಬರು ಪರದೆಯ ಮೇಲೆ ಏರಿಳಿಯುವ ಗೆರೆ ನೋಡಿ, ದನಿ ತಗ್ಗಿಸಿ, "ಯಾರ್ದು ಸಾರ್ ಹಾರ್ಟು?" ಎಂದು ಕೇಳಿದರು. ಕೇಶವಮೂರ್ತಿ ರಸೀದಿ ಹರಿಯುತ್ತಾ, "ಲ್ಯಾಬಿಂದು. ಸದ್ಯಕ್ಕೆ ಭಯವಿಲ್ಲ" ಎಂದರು.

ಹೀಗಿರುವಾಗ ಓಂಕಾರಪ್ಪನವರ ಅಕ್ಕನಿಗೆ ಕಷ್ಟ ಬಂತು. ಪಾರ್ವತಮ್ಮ, ನಾನು ಆಗಲೇ ಹೇಳಿದ ಆ ಸಣ್ಣ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ಹೋದ ಮೇಲೆ ಗಿರಣಿಯೇ ಅವರ ಅನ್ನ. ಆ ವರ್ಷ ಊರಿನಲ್ಲಿ ದೀಪಗಳು ಕುಣಿಯತೊಡಗಿದವು. ಒಂದು ಸಾಲಿನಲ್ಲಿ ಬಲ್ಬು ಧಗ್ಗೆಂದು ಸಿಡಿಯುವುದು, ಎದುರು ಸಾಲಿನಲ್ಲಿ ಮಿಣುಕುವುದು. ಮೂರು ಟಿವಿ, ಒಂದು ಫ್ರಿಜ್ಜು ಸುಟ್ಟವು. ಊರಲ್ಲಿ ದೊಡ್ಡ ಮೋಟಾರು ಇರುವುದು ಗಿರಣಿಗೆ ಮಾತ್ರ, ಅಂದಮೇಲೆ ತಪ್ಪು ಗಿರಣಿಯದೇ ಎಂದು ಊರು ನಿರ್ಧರಿಸಿತು. ಮುಂದಾಳು ಮಾಜಿ ಪಂಚಾಯ್ತಿ ಮೆಂಬರು ಮರುಳಪ್ಪ. ಸುಟ್ಟ ಟಿವಿಗಳಲ್ಲಿ ಒಂದು ಅವರದು. ಅವರು ಮನೆಮನೆಯಿಂದ ಸುಟ್ಟ ಬಲ್ಬುಗಳನ್ನು ಒಂದು ಗೋಣಿಚೀಲದಲ್ಲಿ ಶೇಖರಿಸಿ ಸಾಕ್ಷಿಯೆಂದು ಇಟ್ಟುಕೊಂಡಿದ್ದರು. ಗಿರಣಿಯ ಸಂಪರ್ಕ ಕಿತ್ತುಹಾಕಿ ಎಂದು ವಿದ್ಯುತ್ ಕಚೇರಿಗೆ ಅರ್ಜಿಯೂ ಹೋಯಿತು.

"ಅಳತೆ ಮಾಡಿ ತೋರಿಸ್ತೀನಿ ಮೇಡಂ" ಎಂದರು ಓಂಕಾರಪ್ಪ. ಕಾರ್ಡು ತೆಗೆದುಕೊಂಡು ಹೋಗಿ ಅಂದೆ. ಕಾರ್ಡು ಹೋಗಬೇಕಾದರೆ ಕಂಪ್ಯೂಟರು ಹೋಗಬೇಕು. ಅದು ಹೋಗಬೇಕಾದರೆ ಕೇಶವಮೂರ್ತಿ ಹೋಗಬೇಕು. ಅಡ್ಮಿಷನ್ ಕಾಲ, ಅವರು ಅದನ್ನು ಕಣ್ಣಳತೆ ಬಿಟ್ಟು ಕಳಿಸುವವರಲ್ಲ. ಪ್ರಿನ್ಸಿಪಾಲರು ರಜೆಯಲ್ಲಿದ್ದರು. ಒಂದು ಭಾನುವಾರ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ, ಅದರ ಮೇಲೆ ಕಂಪ್ಯೂಟರು ಇಟ್ಟು, ಶಲ್ಯ ಹೊದಿಸಿ, ಪಕ್ಕದಲ್ಲಿ ಕೇಶವಮೂರ್ತಿ ಅದರ ಮೇಲೆ ಕೈಯಿಟ್ಟು ಕೂತರು. ಬಾಣಾವರದಲ್ಲಿ ಯಾರೋ ಕೈಮುಗಿದರಂತೆ. ನಾನು ಹೋಗಲಿಲ್ಲ, ನನಗೆ ನೆಗಡಿಯಿತ್ತು. ತೀರಾ ಅಷ್ಟೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಓಂಕಾರಪ್ಪ ಮುಖ ಅರಳಿಸಿಕೊಂಡು ಒಂದು ಕಾಗದ ತಂದರು. ಪರದೆಯ ಮೇಲೆ ಬಂದದ್ದನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದದ್ದು. "ಗಿರಣಿ ಓಡಿಸ್ಕಂಡೇ ಅಳತೆ ಮಾಡ್ದೆ ಮೇಡಂ. ಕರೆಂಟು ಒಂಚೂರೂ ಅಲ್ಲಾಡಿಲ್ಲ. ನಮ್ಮಕ್ಕನ ತಪ್ಪಿಲ್ಲ. ನಾನು ತಮ್ಮ, ನನ್ನ ಮಾತು ಯಾರೂ ನಂಬಲ್ಲ. ನೀವೊಂದು ಸಹಿ ಹಾಕಿಕೊಟ್ರೆ ಸಾಕು" ಎಂದರು.

ನಾನು ನುಂಗುತ್ತಿದ್ದ ಭಾಗ ಇದೇ. ನನಗೆ ಕಂಡದ್ದು ಕಾಗದವಲ್ಲ, ಕೈಪಿಡಿಯ ದಪ್ಪಕ್ಷರ. ಶಲ್ಯ ಹೊದ್ದ ಆಫೀಸ್ ಕಂಪ್ಯೂಟರಿನ ಅಳತೆಗೆ ಸಹಿ ಹಾಕಿ, ನಾಳೆ ಯಾವನಾದರೂ ಎಂಜಿನಿಯರು ಪ್ರಶ್ನೆ ಕೇಳಿದರೆ? "ನಾಳೆ ನೋಡೋಣ ಓಂಕಾರಪ್ಪ" ಎಂದೆ. ಅವರು ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮಂಗಳವಾರ ನಾನು ಲೈಬ್ರರಿಯಲ್ಲಿದ್ದೆ. ಬುಧವಾರವೂ ಲೈಬ್ರರಿಯಲ್ಲಿದ್ದೆ. ನಮ್ಮ ಲೈಬ್ರರಿಯಲ್ಲಿ ಎರಡು ದಿನ ಓದುವಷ್ಟು ಪುಸ್ತಕವಿರಲಿಲ್ಲ.

ಬುಧವಾರ ಸಂಜೆ ಊರವರು ಸೇರಿ, ಗಿರಣಿಯ ಪರವಾಗಿ ಕಾಗದ ಪತ್ರ ಏನೂ ಇಲ್ಲವೆಂದು, ಗಿರಣಿಗೆ ಬೀಗ ಹಾಕಿಸಿ ಬೀಗದ ಕೈಯನ್ನು ಮರುಳಪ್ಪನವರ ಕೈಗೆ ಕೊಟ್ಟರು.

ಮುಂದಿನ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ರೆಪ್ಪೆಯ ಮೇಲೆ ಕೂಡ ತೆಳ್ಳಗೆ ಹಿಟ್ಟು ಕೂತಂತಿದ್ದ ಮುಖ. ಎಷ್ಟು ವರ್ಷದ ಹಿಟ್ಟೋ, ತೊಳೆದರೂ ಹೋಗದ್ದು. ಪಾರ್ವತಮ್ಮ. ಕೂರಿ ಅಂದರೆ ಕೂರಲಿಲ್ಲ.

"ಸಹಿ ಬ್ಯಾಡ ಕಣವ್ವ" ಎಂದರು. "ನಮ್ಮ ಓಂಕಾರಿ ನಿನ್ನ ಮೇಲೆ ದೂರು ಹೇಳಿಲ್ಲ, ನಾನೇ ಕೇಳಿ ತಿಳ್ಕಂಡೆ. ನಾಡಿದ್ದು ಕರೆಂಟಿನ ಆಫೀಸರು ಬತ್ತಾರೆ, ವೈರು ಕತ್ತರಿಸಕ್ಕೆ. ನೀನು ಒಂದ್ಸಲ ಬಂದು ಕಣ್ಣಾರೆ ನೋಡು. ನೋಡಿದ್ಮೇಲೆ ಗಿರಣೀದೇ ತಪ್ಪು ಅಂದ್ರೆ ನಾನೇ ಮುಂದೆ ನಿಂತು ಕತ್ತರಿಸ್ತೀನಿ. ಮೂರು ಮನೆ ಟಿವಿ ಸುಟ್ಟೈತೆ, ನಂಗೂ ನಿದ್ದೆ ಬರಲ್ಲ."

ಅವರು ಹೇಳಿದ ದಿನ ಲಗೇಜ್ ಆಟೋದಲ್ಲಿ ಕೇಶವಮೂರ್ತಿಗಳ ಎದುರು, ಕಂಪ್ಯೂಟರಿನ ಆ ಬದಿ ಹಿಡಿದುಕೊಂಡು ನಾನೂ ಕೂತಿದ್ದೆ.

ಗಿರಣಿ ಪಕ್ಕದ ಬೇವಿನ ಮರದ ಕೆಳಗೆ ಮೇಜು ಹಾಕಿದರು. ಕೇಶವಮೂರ್ತಿ ಕಂಪ್ಯೂಟರನ್ನು ಪೂರ್ವಕ್ಕೆ ಮುಖ ಮಾಡಿಸಿ, ಸುತ್ತ ಮೂರಡಿ ಚಪ್ಪಲಿ ನಿಷೇಧಿಸಿದರು. ಕುಣಿಯುವ ಕರೆಂಟು ತಮ್ಮ ಕಂಪ್ಯೂಟರಿನ ಮೈ ಸೋಕಕೂಡದೆಂದು ಹೋದ ಸಲದಂತೆಯೇ ದೊಡ್ಡ ಬ್ಯಾಟರಿಯ ಯುಪಿಎಸ್ಸನ್ನೂ ಹೊತ್ತು ತಂದಿದ್ದರು. ಕೆಟ್ಟ ಕರೆಂಟನ್ನು ಅಳೆಯಲು ಒಳ್ಳೆಯ ಕರೆಂಟು ಬೇಕು, ಅದನ್ನು ಅರಸೀಕೆರೆಯಿಂದ ಬ್ಯಾಟರಿಯಲ್ಲಿ ತುಂಬಿ ತರಬೇಕು. ಊರಿನ ಕರೆಂಟು ನೇರವಾಗಿ ಕೊಟ್ಟರೆ ಕಾರ್ಡು ಸುಡುತ್ತದೆಂದು ಓಂಕಾರಪ್ಪ ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರು ನಡುವೆ ಇಟ್ಟು ಅದನ್ನು ತಗ್ಗಿಸಿ, ಪಾರ್ವತಮ್ಮನವರ ಮನೆಯ ಪ್ಲಗ್ಗಿನಿಂದ ವೈರು ಎಳೆದರು. ಪರದೆಯ ಮೇಲೆ ಅಲೆ ಮೂಡಿತು, ದುಂಡಗೆ, ನುಣ್ಣಗೆ.

ವಿದ್ಯುತ್ ಕಚೇರಿಯ ಎಂಜಿನಿಯರು ಬಂದರು. ಚಿಕ್ಕ ವಯಸ್ಸು, ಬಿಸಿಲಿಗೆ ಬೆವರಿದ್ದರು, ಕೆಟ್ಟವರಲ್ಲ. ಜೊತೆಗೆ ಕತ್ತರಿ ಹಿಡಿದ ಲೈನ್‌ಮನ್ನು. ಮರುಳಪ್ಪ ಬಲ್ಬಿನ ಗೋಣಿಚೀಲ ತಂದು ಗಲಗಲ ಎಂದು ಕೆಳಗಿಟ್ಟರು. ಊರೆಲ್ಲ ಸೇರಿತು. ಅಲೆ ಏನೂ ಮಾಡದೆ ಸುಮ್ಮನೆ ಓಡುತ್ತಿತ್ತು. ಕಾಲು ಗಂಟೆಯಾಯಿತು. ಖಾಲಿ ಕೂರುವುದೇಕೆಂದು ಕೇಶವಮೂರ್ತಿ ಪರದೆಯ ಅರ್ಧದಲ್ಲಿ ಅಡ್ಮಿಷನ್ ಅರ್ಜಿ ತುಂಬತೊಡಗಿದರು. ಅದನ್ನು ಕಂಡ ಮರುಳಪ್ಪ ಮೆಲ್ಲಗೆ ಚಪ್ಪಲಿ ಬಿಟ್ಟು ಹತ್ತಿರ ಬಂದು, "ಸ್ವಾಮಿ, ನನ್ನ ಮಗಳದು ಎಸ್ಸೆಸ್ಸೆಲ್ಸಿ ಆಗೈತೆ. ಸೀಟು ಅದಾವಾ?" ಎಂದರು. "ಮಾರ್ಕ್ಸ್ ಕಾರ್ಡ್ ತನ್ನಿ" ಎಂದರು ಕೇಶವಮೂರ್ತಿ, ತಲೆ ಎತ್ತದೆ. ಅದೂ ಬಂತು. ಮರುಳಪ್ಪ ಮಗಳ ಹುಟ್ಟಿದ ತಾರೀಕು ಹೇಳುತ್ತಿದ್ದಾಗ ಪರದೆಯ ಇನ್ನರ್ಧದಲ್ಲಿ ಗೆರೆ ಎದ್ದು ನಿಂತಿತು.

ಅಲೆ ಎತ್ತರವಾಯಿತು. ಇನ್ನೂರ ಮೂವತ್ತು ಇರಬೇಕಾದ್ದು ಇನ್ನೂರ ಎಂಬತ್ತು, ಇನ್ನೂರ ತೊಂಬತ್ತೈದು. ಪಾರ್ವತಮ್ಮನವರ ಪಡಸಾಲೆಯ ಬಲ್ಬು ಬೆಳ್ಳಗೆ ಉರಿಯಿತು. ಅದೇ ಹೊತ್ತಿಗೆ ಎದುರು ಸಾಲಿನಿಂದ ಯಾರೋ, "ನಮ್ದು ಮಂಕಾತು ಕಣ್ರೋ" ಎಂದು ಕೂಗಿದರು.

"ಆತಲ್ಲ, ನೋಡ್ರಿ" ಎಂದರು ಮರುಳಪ್ಪ, "ಗಿರಣೀದೇ ಕೆಲ್ಸ."

ಪಾರ್ವತಮ್ಮ ಅವರ ಅಂಗಿ ಜೇಬನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. "ಬೀಗದ ಕೈ ನಿಮ್ಮ ಜೇಬಲ್ಲೈತೆ ಮರುಳಪ್ಪ. ಗಿರಣಿ ತಿರುಗಿ ಒಂಬತ್ತು ದಿನ ಆತು."

ಮರುಳಪ್ಪ ಜೇಬು ಮುಟ್ಟಿ ನೋಡಿಕೊಂಡರು. ಇತ್ತು.

ಆ ಕ್ಷಣಕ್ಕೆ ನನಗೆ ತಿಳಿಯಿತು. ಪ್ರತಿ ಬ್ಯಾಚಿಗೂ ಬೋರ್ಡಿನ ಮೇಲೆ ಬರೆದ ಪಾಠ ಅದು. ಕರೆಂಟು ಊರಿಗೆ ಮೂರು ತಂತಿಯಲ್ಲಿ ಬಂದು, ಒಂದೇ ತಂತಿಯಲ್ಲಿ ವಾಪಸು ಹೋಗುತ್ತದೆ. ಆ ವಾಪಸು ತಂತಿ, ನ್ಯೂಟ್ರಲ್, ಸಡಿಲವಾದರೆ ಒಂದು ಸಾಲಿನ ಮನೆಗಳ ಪಾಲನ್ನು ಇನ್ನೊಂದು ಸಾಲು ನುಂಗುತ್ತದೆ. ಇಲ್ಲಿ ಸಿಡಿಯುತ್ತದೆ, ಅಲ್ಲಿ ಮಿಣುಕುತ್ತದೆ. ಗಿರಣಿಯ ಮೋಟಾರು ಮೂರರಿಂದಲೂ ಸಮವಾಗಿ ಎಳೆಯುವುದರಿಂದ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. "ಊರಿನ ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ ಸಡಿಲ ಆಗಿದೆ" ಎಂದು ಎಂಜಿನಿಯರಿಗೆ ಹೇಳಿದೆ.

ಅವರು ಶಲ್ಯ, ಫ್ಯಾನು, ಕುಂಕುಮ ಎಲ್ಲವನ್ನೂ ನೋಡಿದರು. "ಮೇಡಂ, ಇದು ಯಾವ ಇನ್‌ಸ್ಟ್ರುಮೆಂಟು?"

"ನಮ್ಮ ಆಫೀಸ್ ಕಂಪ್ಯೂಟರು."

"ಇದಕ್ಕೆ ಸರ್ಟಿಫಿಕೇಟ್ ಏನಾದ್ರೂ ಇದೆಯಾ? ಇದರ ಅಳತೆ ನಂಬಿ ನಾನು ಹೇಗೆ ಬರೀಲಿ?"

ನಾನು ಹೆದರಿಕೊಂಡಿದ್ದ ಪ್ರಶ್ನೆ ಬಂದೇ ಬಂತು. ನಾನು ಬಾಯಿ ತೆರೆಯುವ ಮೊದಲೇ ಕೇಶವಮೂರ್ತಿ ಎದ್ದು ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು.

"ಆರು ವರ್ಷದಿಂದ ನಾನು ಇದರ ಜೊತೆ ಇದೀನಿ ಸ್ವಾಮಿ. ನಾವು ಏನು ಕೊಡ್ತೀವೋ ಅದನ್ನೇ ಹೇಳುತ್ತೆ. ಮಾರ್ಕ್ಸ್ ಕಾರ್ಡಲ್ಲಿ ಇರೋದಕ್ಕಿಂತ ಒಂದು ಮಾರ್ಕು ಜಾಸ್ತಿ ಹೇಳಿದ್ದಿಲ್ಲ, ಕಮ್ಮಿ ಹೇಳಿದ್ದಿಲ್ಲ. ಇವರ ಮಗಳದು ಈಗ ತಾನೇ ಹಾಕಿದೆ, ಬೇಕಾದ್ರೆ ತಾಳೆ ನೋಡಿ." ಹಾಗೆಂದು ಪ್ಲಾಸ್ಟಿಕ್ ಕವರಿನಲ್ಲಿದ್ದ ಕಂಪ್ಯೂಟರಿನ ವಾರಂಟಿ ಕಾರ್ಡನ್ನು ಅವರ ಕೈಗಿಟ್ಟರು. ಎಂಜಿನಿಯರು ಅದನ್ನು ಎರಡೂ ಬದಿ ಓದಿದರು. ಮರುಳಪ್ಪ ಪಕ್ಕದಿಂದ ಬಗ್ಗಿ ಪರದೆ ನೋಡಿ, "ಮಾರ್ಕು ಸರಿಯಾಗೇ ಐತೆ ಸಾರ್" ಎಂದರು.

ಇಷ್ಟಾದ ಮೇಲೆ ಎಂಜಿನಿಯರಿಗೆ ಉಳಿದ ದಾರಿ ಒಂದೇ. "ಹೋಗಿ ನೋಡ್ಕೊಂಡು ಬಾರಯ್ಯ" ಎಂದು ಲೈನ್‌ಮನ್ನನ್ನು ಟ್ರಾನ್ಸ್‌ಫಾರ್ಮರಿನ ಕಡೆ ಅಟ್ಟಿದರು. ಊರೇ ಹಿಂದೆ ಹೋಯಿತು. ಲೈನು ಆಫ್ ಮಾಡಿ ಕಂಬ ಹತ್ತಿದ ಅವನು ಸ್ವಲ್ಪ ಹೊತ್ತು ತಡಕಾಡಿ ನಿಂತುಬಿಟ್ಟ. ಆಮೇಲೆ, "ಸಾರ್, ಕೈಗೇ ಬಂತು" ಎಂದ. ನ್ಯೂಟ್ರಲ್ಲಿನ ಜೋಡಣೆ ಕರ್ರಗೆ ಸುಟ್ಟು, ಎಳೆದರೆ ಬರುವಂತೆ ಕೂತಿತ್ತು. ಇಡೀ ಊರಿಗೆ ಕರೆಂಟಿಲ್ಲದ ಆ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಕೇಶವಮೂರ್ತಿ ಒಬ್ಬರೇ, ಯುಪಿಎಸ್ಸಿನ ಬೀಪಿನ ನಡುವೆ, ಮರುಳಪ್ಪನ ಮಗಳ ಅರ್ಜಿ ಮುಗಿಸುತ್ತಿದ್ದರು.

ಅವತ್ತೇ ರಿಪೇರಿಯಾಯಿತು. ಮರುಳಪ್ಪ ಕ್ಷಮೆ ಗಿಮೆ ಕೇಳಲಿಲ್ಲ. ಬೀಗದ ಕೈಯನ್ನು ಪಾರ್ವತಮ್ಮನವರ ಜಗಲಿಯ ಮೇಲಿಟ್ಟು ಕೆಮ್ಮಿದರು. ಮಾರನೇ ದಿನ ಅವರೇ ರಾಗಿ ಹೊತ್ತು ತಂದು ಸಾಲಿನಲ್ಲಿ ಏಳನೆಯವರಾಗಿ ನಿಂತರಂತೆ. ಪಾರ್ವತಮ್ಮ ಏಳನೆಯದಾಗಿಯೇ ಬೀಸಿಕೊಟ್ಟರಂತೆ.

ಜನ ನಗುವುದು ಇಲ್ಲಿಗೆ ಮುಗಿಯುತ್ತದೆ. ಹೋದ ವಾರ ಮೇನ್ ಸ್ವಿಚ್ ಎಳೆದು ನಿಂತಾಗ ಮಾತ್ರ ನನಗೆ ಆ ಒಂಬತ್ತು ದಿನಗಳು ನೆನಪಾದವು. ಸಂಜೆ ಓಂಕಾರಪ್ಪನವರಿಗೆ ಫೋನು ಮಾಡಿದೆ. ಅವರೂ ನಿವೃತ್ತರಾಗಿ ಅಕ್ಕನ ಊರಿಗೇ ಹೋಗಿ ಗಿರಣಿ ನೋಡಿಕೊಳ್ಳುತ್ತಿದ್ದಾರೆ.

"ಓಂಕಾರಪ್ಪ, ಅವತ್ತು ಸೋಮವಾರ ನಾನು ಸಹಿ ಹಾಕಿದ್ದಿದ್ದರೆ ಗಿರಣಿಗೆ ಬೀಗ ಬೀಳ್ತಿರಲಿಲ್ಲ. ಹೆದರಿಕೊಂಡೆ. ಇಷ್ಟು ವರ್ಷ ಹೇಳಲಿಲ್ಲ."

ಆ ಕಡೆ ಗಿರಣಿ ಓಡುತ್ತಿತ್ತು. ಅವರು ಹೊರಗೆ ಬಂದರೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು.

"ನೀವು ಸಹಿ ಹಾಕ್ದೆ ಇದ್ದದ್ದೇ ಒಳ್ಳೇದಾತು ಮೇಡಂ" ಎಂದರು. "ನಾನೂ ಒಂದು ಹೇಳಿಲ್ಲ. ಮೊದಲ್ನೇ ಸಲ ಆ ರೇಡಿಯೋ ಟ್ರಾನ್ಸ್‌ಫಾರ್ಮರಿನ ಪ್ಲಗ್ಗು ಮನೆ ಗೋಡೇಗೆ ಹಾಕೋ ಬದ್ಲು ಯುಪಿಎಸ್ ಹಿಂದುಗಡೆ ಹಾಕಿದ್ದೆ. ನಾನು ಅಳೆದದ್ದು ಊರಿನ ಕರೆಂಟಲ್ಲ. ಕೇಶವಮೂರ್ತಿಗಳ ಬ್ಯಾಟರೀನ. ಅದು ಯಾಕೆ ಅಲ್ಲಾಡ್ತೈತೆ, ಹೇಳಿ. ಎರಡನೇ ಸಲ ಜೋಡಿಸೋವಾಗ ಗೊತ್ತಾತು, ಸುಮ್ಕೆ ಪ್ಲಗ್ಗು ಗೋಡೇಗೆ ಹಾಕ್ದೆ. ನೀವು ಸಹಿ ಹಾಕಿದ್ರೆ ನನ್ನ ಸುಳ್ಳಿಗೆ ಹಾಕ್ದಂಗೆ ಆಗ್ತಿತ್ತು."

ನಾನು ನಗಲು ಹೊರಟು ಅರ್ಧಕ್ಕೇ ನಿಂತೆ. ಯುಪಿಎಸ್ಸಿನ ಅಲೆಯನ್ನು ಡಿಪ್ಲೊಮಾ ಎರಡನೇ ವರ್ಷದ ಮಕ್ಕಳು ಕೂಡ ಒಂದು ನೋಟಕ್ಕೆ ಗುರುತಿಸುತ್ತಾರೆ. ನಾನೇ ಕಲಿಸಿದ್ದು.

"ಆ ಕಾಗದ ಇದೆಯಾ?"

"ಐತೆ. ಕಳಿಸ್ತೀನಿ."

ಫೋನಿಗೆ ಫೋಟೋ ಬಂತು. ಮಡಿಕೆಯಲ್ಲಿ ಹರಿದ, ಹಳದಿಯಾದ ಹಾಳೆ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಹುಲಿಕೆರೆಯ ಕೊಳದ ಮೆಟ್ಟಿಲುಗಳ ಹಾಗೆ, ಹಂತ ಹಂತವಾಗಿ ಇಳಿದು ಹಂತ ಹಂತವಾಗಿ ಏರುವ ಅಲೆ. ಊರಿನ ಕರೆಂಟಿನ ಅಲೆಯಂತೆ ಅದು ಒಂದು ಕಡೆಯೂ ದುಂಡಗಿರಲಿಲ್ಲ. ಸಹಿ ಹಾಕುವುದೋ ಬೇಡವೋ ಎಂದು ಎರಡು ದಿನ ಲೈಬ್ರರಿಯಲ್ಲಿ ಅಡಗಿದವಳು, ಹಾಳೆಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. "ಪ್ಲಗ್ಗು ತಪ್ಪಾಗಿದೆ, ಮತ್ತೆ ಹೋಗೋಣ ಬನ್ನಿ" ಎಂದು ಆ ಸೋಮವಾರವೇ ಹೇಳಬಹುದಿತ್ತು. ಅದನ್ನೇ ಬರೆದು ಕಳಿಸಿದೆ: "ಪ್ಲಗ್ಗು ತಪ್ಪಾಗಿದೆ ಓಂಕಾರಪ್ಪ. ಈಗ ನೋಡಿದೆ."

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಭಾನುವಾರ ಬನ್ನಿ ಮೇಡಂ. ಅಕ್ಕನಿಗೂ ಹೇಳ್ದೆ. ಅವಳು ಇನ್ನೂ ನಗ್ತಾವ್ಳೆ."

ಹೋಗುತ್ತಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ.